ಹೊಲವನ್ನೇ ಕಣ ಮಾಡಿಕೊಂಡವರ ಕಥೆ

ಈ ಸಲದ ಬರಹ ಉದ್ದ ಇದೆ, ಪುರುಸೊತ್ತು ಮಾಡಿಕೊಂಡು ಓದಿ. ಬೀಜೋಪಚಾರದ ಬಗ್ಗೆ ಬರೀರಿ ಅಂತ ಇಬ್ಬರು ಮೂವರು ಕೇಳಿದ್ರು, ಅದು ಮುಂದಿನ ವಾರಕ್ಕಿರಲಿ. ಈಗ ಹೇಳ್ತಿರೋದು ಒಂದು ಹಳೇ ಶೇಂಗಾ ಕಥೆ. ನಮ್ಮ ದೇಶದ್ದಲ್ಲ, ಆಫ್ರಿಕಾದ್ದು. ಬೆಳೆ ಮಾತ್ರ ನಮ್ಮದೇ. ಮಣ್ಣೂ ನಮ್ಮ ಮಣ್ಣಿನ ಅಣ್ಣತಮ್ಮನೇ. ಚಳ್ಳಕೆರೆ, ಹಿರಿಯೂರು, ಪಾವಗಡದ ಕಡೆ ಶೇಂಗಾ ಹಾಕೋರು ಯಾರೇ ಇದನ್ನ ಓದಿದ್ರೂ, ಎಲ್ಲೋ ನೋಡಿದ ಹಾಗಿದೆಯಲ್ಲ ಅನ್ಸುತ್ತೆ.

ಕಥೆಗೆ ಹೋಗೋ ಮೊದಲು ಕಣದ ವಿಚಾರ. ಈಗಿನ ಹುಡುಗರು ಡಾಂಬರು ರಸ್ತೆ ಮೇಲೆ ರಾಗಿ ಹರಡೋದು ನೋಡಿದ್ದಾರೆ, ಕಣ ಮಾಡೋದು ನೋಡಿಲ್ಲ. ಕಣ ಮಾಡಬೇಕಾದ್ರೆ ಮೊದಲು ಹುಲ್ಲು, ಕೂಳೆ ಎಲ್ಲ ಕೆತ್ತಿ ನೆಲ ಬೋಳು ಮಾಡ್ತಿದ್ವಿ. ಆಮೇಲೆ ಕೊಡದಲ್ಲಿ ನೀರು ಹೊತ್ತು ಚೆನ್ನಾಗಿ ನೆನೆಸೋದು. ನೀರು ಇಂಗಿ, ಕಾಲಿಗೆ ಅಂಟದೆ ಮೆತ್ತಗೆ ಇರೋ ಹೊತ್ತಿಗೆ ಎತ್ತು ತುಳಿಸಿ, ರೋಣಗಲ್ಲು ಉರುಳಿಸಿ, ಕೊನೆಗೆ ಬಿಸಿಲಿಗೆ ಬಿಟ್ಟು ಸಗಣಿ ಸಾರಿಸೋದು. ಬೋಳು ನೆಲ, ನೀರು, ಭಾರ, ಬಿಸಿಲು. ಈ ನಾಲ್ಕೂ ಒಂದಾದ್ರೆ ಕೆಂಪು ಮಣ್ಣು ಸಿಮೆಂಟ್ ಆಗುತ್ತೆ. ಗುದ್ದಲಿ ಹಾಕಿದ್ರೆ ಠಣ್ ಅನ್ನುತ್ತೆ. ನಮ್ಮ ಹಳೇ ಮಾಳಿಗೆ ಮನೆಗಳ ಮೇಲಿನ ಮಣ್ಣೂ ಅಷ್ಟೇ. ನೆನೆಸಿ, ಬಡಿದು, ಒಣಗಿಸಿದ್ದಕ್ಕೇ ಮಳೆನೀರು ಕೆಳಗೆ ಇಳೀತಿರಲಿಲ್ಲ.

ಈ ವಿದ್ಯೆ ನಮ್ಮ ಹಿರಿಯರಿಗೆ ಚೆನ್ನಾಗೇ ಗೊತ್ತಿತ್ತು. ಅದಕ್ಕೇ ಕಣಕ್ಕೆ ಅಂತ ಒಂದು ಮೂಲೆ ಇಟ್ಟು, ಹೊಲಕ್ಕೆ ಆ ನಾಲ್ಕೂ ಒಟ್ಟಿಗೆ ತಾಗದ ಹಾಗೆ ನೋಡಿಕೊಳ್ತಿದ್ರು. ಇನ್ನು ಆಫ್ರಿಕಾಕ್ಕೆ ಹೋಗೋಣ. ಅಲ್ಲಿ ದೊಡ್ಡ ದೊಡ್ಡ ಓದಿದವರು ಸೇರಿ, ಕೋಟ್ಯಂತರ ಪೌಂಡ್ ಸುರಿದು, ಸಾವಿರಾರು ಎಕರೆ ಕಣ ಮಾಡಿದ್ರು. ಮಾಡಬೇಕು ಅಂತಿದ್ದದ್ದು ಮಾತ್ರ ಶೇಂಗಾ ಹೊಲ.

ಎರಡನೇ ಮಹಾಯುದ್ಧ ಮುಗಿದಿತ್ತು. ಬ್ರಿಟನ್ನಿನಲ್ಲಿ ಎಣ್ಣೆ, ಕೊಬ್ಬು, ಸೋಪಿಗೆ ಹಾಹಾಕಾರ. ಗೆದ್ದ ದೇಶ ಆದ್ರೂ ಜನ ರೇಷನ್ನಿನಲ್ಲಿ ಬೆಣ್ಣೆ ತೂಕ ಮಾಡಿಸಿಕೊಳ್ತಿದ್ರು. ಯುದ್ಧಕ್ಕೆ ಮೊದಲು ನಮ್ಮ ಭಾರತದಿಂದ ಹಡಗುಗಟ್ಟಲೆ ಶೇಂಗಾ ಹೋಗ್ತಿತ್ತು. ಯುದ್ಧದ ಮೇಲೆ ಇಲ್ಲಿಯವರಿಗೇ ಸಾಲದಾಯ್ತು. ಆಗ 1946ರಲ್ಲಿ ಯುನೈಟೆಡ್ ಆಫ್ರಿಕಾ ಕಂಪನಿಯ ಫ್ರಾಂಕ್ ಸ್ಯಾಮ್ಯುಯೆಲ್ ಅನ್ನೋ ದೊಡ್ಡ ಅಧಿಕಾರಿ ಒಂದು ಯೋಚನೆ ಮುಂದಿಟ್ರು. ಪೂರ್ವ ಆಫ್ರಿಕಾದಲ್ಲಿ ಖಾಲಿ ಬಿದ್ದಿರೋ ಕುರುಚಲು ಕಾಡು ಬೇಕಾದಷ್ಟಿದೆ, ಯಂತ್ರದಲ್ಲಿ ಸವರಿ ಶೇಂಗಾ ಬೆಳೆದರೆ ಬ್ರಿಟನ್ನಿಗೂ ಎಣ್ಣೆ, ಆಫ್ರಿಕಾಕ್ಕೂ ಉದ್ಧಾರ, ಅಂತ.

ಸರ್ಕಾರ ಮೂರು ಜನರ ತಂಡ ಕಳಿಸಿತು. ಮುಖ್ಯಸ್ಥ ಜಾನ್ ವೇಕ್‌ಫೀಲ್ಡ್, ಟಾಂಗನಿಕಾದಲ್ಲಿ (ಈಗಿನ ಟಾಂಜಾನಿಯಾ) ಹಿಂದೆ ಕೃಷಿ ನಿರ್ದೇಶಕರಾಗಿದ್ದವರು. ಹಾಗಾಗಿ ಏನೂ ಗೊತ್ತಿಲ್ಲದವರು ಅನ್ನೋಹಾಗಿಲ್ಲ. ಒಂಬತ್ತು ವಾರದಲ್ಲಿ ಸುತ್ತಾಡಿ ವರದಿ ಕೊಟ್ರು, ಬಹಳಷ್ಟು ಜಾಗ ವಿಮಾನದಿಂದ ನೋಡಿದ್ದು. 32 ಲಕ್ಷ ಎಕರೆ ಸವರಬೇಕು. ತಲಾ 30,000 ಎಕರೆಯ 107 ಘಟಕ, ಅದರಲ್ಲಿ 80 ಟಾಂಗನಿಕಾದಲ್ಲೇ. ಆರು ವರ್ಷದ ಕೆಲಸ, ಖರ್ಚು 2.4 ಕೋಟಿ ಪೌಂಡ್, ಬೆಳೆ ವರ್ಷಕ್ಕೆ 6 ಲಕ್ಷ ಟನ್. ಆಹಾರ ಮಂತ್ರಿ ಜಾನ್ ಸ್ಟ್ರೇಚಿ ಒಪ್ಪಿದ್ರು. ಮಣ್ಣನ್ನ ಸರಿಯಾಗಿ ಪರೀಕ್ಷೆ ಮಾಡೋದಕ್ಕೆ, ಒಂದು ಸಣ್ಣ ತುಂಡಲ್ಲಿ ಮೂರು ನಾಲ್ಕು ವರ್ಷ ಬೆಳೆದು ನೋಡೋದಕ್ಕೆ ಯಾರಿಗೂ ಪುರುಸೊತ್ತಿರಲಿಲ್ಲ. 1947ರ ಶುರುವಿನಲ್ಲೇ ಕೆಲಸ ಹತ್ತಿತು.

ಮೊದಲು ಹಿಡಿದ ಜಾಗ ಕೋಂಗ್ವಾ. ಟಾಂಗನಿಕಾದ ನಡುಮಧ್ಯೆ, ಒಣ ಸೀಮೆ, ವರ್ಷಕ್ಕೆ ಒಂದೇ ಮಳೆಗಾಲ. ಸುತ್ತ ಇರೋ ಗೊಗೊ ಜನ ದನ ಕಾಯೋರು, ಜೋಳ ಸಜ್ಜೆ ಬೆಳೆಯೋರು. ನೆಲ ಕೆಂಪು. ಮರಳು ಜಾಸ್ತಿ, ಜೊತೆಗೆ ಜೇಡಿ. ಅಲ್ಲಲ್ಲಿ ಬಾವೊಬಾಬ್ ಮರ. ಸವಣೂರಿಗೆ ಹೋದವರು ನೋಡಿರ್ತೀರಿ, ಅಲ್ಲಿ ದೊಡ್ಡ ಹುಣಸೆ ಅಂತಾರಲ್ಲ, ಆನೆ ಹೊಟ್ಟೆ ಥರ ಬುಡ ಇರೋ ಮೂರು ಮರ, ಅದೇ ಜಾತಿ. ಉಳಿದಿದ್ದು ಮುಳ್ಳುಕಂಟಿ. ಮೇಲೆ ಆಳೆತ್ತರ ಇದ್ರೂ ಒಳಗೆ ಬೇರು ಹೆಣೆದುಕೊಂಡು ಹಾಸಿಗೆ ಥರ. ಮನುಷ್ಯ ನುಗ್ಗೋಕಾಗಲ್ಲ ಅನ್ನೋವಷ್ಟು ದಟ್ಟ.

ಯಂತ್ರ ಎಲ್ಲಿಂದ? ಯುದ್ಧ ಮುಗಿದು ಫಿಲಿಪ್ಪೀನ್ಸ್‌ನಲ್ಲಿ ಬಿದ್ದಿದ್ದ ಹಳೇ ಟ್ರ್ಯಾಕ್ಟರ್, ಬುಲ್ಡೋಜರ್ ಕೊಂಡು ಹಡಗಿನಲ್ಲಿ ತಂದ್ರು. ಅರ್ಧಕ್ಕರ್ಧ ಕೆಲವೇ ತಿಂಗಳಲ್ಲಿ ಕೆಟ್ಟು ನಿಂತವು. ಅದು ಸಾಲದು ಅಂತ ಶೆರ್ಮನ್ ಯುದ್ಧ ಟ್ಯಾಂಕುಗಳನ್ನೇ ಟ್ರ್ಯಾಕ್ಟರ್ ಮಾಡಿಸಿದ್ರು. ಫಿರಂಗಿ ಕೂರೋ ಮೇಲ್ಭಾಗ ಕಿತ್ತು, ಹಿಂದೆ ನೇಗಿಲು ಕಟ್ಟೋ ಹಾಗೆ. ಅದಕ್ಕೆ ಶೆರ್ವಿಕ್ ಅಂತ ಹೆಸರು. ಎರಡು ಬುಲ್ಡೋಜರ್ ಮಧ್ಯೆ ಹಡಗಿನ ಲಂಗರಿನ ಸರಪಳಿ ಕಟ್ಟಿ ಎಳೆದುಕೊಂಡು ಹೋಗಿ ಕಾಡು ಮಲಗಿಸಿದ್ರು. ಮರ ಬಿತ್ತು. ಬೇರು ಕೀಳಲಿಕ್ಕೆ ಮತ್ತೆ ಹಲ್ಲುಗಳಿರೋ ಉಪಕರಣ, ಕಿತ್ತಿದ್ದನ್ನ ಒಟ್ಟುಗೂಡಿಸಿ ಸುಡಲಿಕ್ಕೆ ಮತ್ತೆ ಒಂದು ಸಲ ಬುಲ್ಡೋಜರ್, ಆಮೇಲೆ ಉಳುಮೆ. ಒಂದೇ ಎಕರೆ ಮೇಲೆ ಹತ್ತಾರು ಟನ್ ಭಾರ ಎಷ್ಟು ಸಲ ಓಡಾಡಿರಬೇಕು ಲೆಕ್ಕ ಹಾಕಿ. ನೆಲದಲ್ಲಿ ಬೆಣಚು ಮರಳು ಎಷ್ಟಿತ್ತು ಅಂದ್ರೆ ನೇಗಿಲ ಕುಳ ಸಾಣೆ ಹಿಡಿದ ಹಾಗೆ ಸವೆದು ಹೋಗ್ತಿತ್ತು.

ಮೊದಲ ವರ್ಷ ಒಂದೂವರೆ ಲಕ್ಷ ಎಕರೆ ಅಂತ ಗುರಿ ಇತ್ತು. ಬಿತ್ತಲಿಕ್ಕೆ ಸಿಕ್ಕಿದ್ದು ಸುಮಾರು 7,500 ಎಕರೆ.

ನಮಗೆ ಬೇಕಾದ್ದು ಇದರ ಮುಂದಿನ ಮಾತು. ಬಿತ್ತಿದ ಶೇಂಗಾ ಹುಟ್ಟಿತು, ಬಳ್ಳಿ ಬಂತು, ಕಾಯೂ ಒಂದಿಷ್ಟು ಕಟ್ಟಿತು. ಮಳೆ ನಿಂತು ಬಿಸಿಲು ಹತ್ತಿದ್ದೇ ತಡ ನೆಲ ಕಾದು ಇಟ್ಟಿಗೆ ಆಯ್ತು. ಕಾಯಿ ಒಳಗೇ ಸಿಕ್ಕಿಕೊಂಡಿತು. ಕಾಡು ಮಲಗಿಸಿದ್ದ ಅಷ್ಟು ದೊಡ್ಡ ಯಂತ್ರಗಳ ಕೈಲಿ ಎರಡು ಇಂಚು ಕೆಳಗಿನ ಕಾಯಿ ಎತ್ತೋಕಾಗಲಿಲ್ಲ. ಮುಂದಿನ ವರ್ಷಗಳಲ್ಲಿ ಸೂರ್ಯಕಾಂತಿ ಹಾಕಿದ್ರು, ಮಳೆ ಕೈಕೊಟ್ಟಿತು. ಪಶ್ಚಿಮದಲ್ಲಿ ಉರಂಬೊ, ದಕ್ಷಿಣದಲ್ಲಿ ನಚಿಂಗ್ವೆಯಾ ಅಂತ ಬೇರೆ ಜಾಗ ಹಿಡಿದ್ರು. ಆ ದಕ್ಷಿಣದ ಬೆಳೆ ಸಾಗಿಸಲಿಕ್ಕೆ ಅಂತ ಬಂದರು ಕಟ್ಟಿ ರೈಲು ಹಳಿ ಹಾಕಿದ್ರು, ಹೇರಲಿಕ್ಕೆ ಬೆಳೆ ಇರಲಿಲ್ಲ. 1951ರ ಜನವರಿಯಲ್ಲಿ ಯೋಜನೆ ಮುಚ್ಚಿ, 3.6 ಕೋಟಿ ಪೌಂಡಿಗೂ ಮೇಲಿನ ಹಣವನ್ನ ಮುಳುಗಿದ ಲೆಕ್ಕಕ್ಕೆ ಬರೆದ್ರು. 6 ಲಕ್ಷ ಟನ್ ಅಂದಿದ್ದ ಕಡೆ ಬಂದದ್ದು ಕೆಲವೇ ಸಾವಿರ ಟನ್. ಬ್ರಿಟನ್ನಿನಲ್ಲಿ "ಗ್ರೌಂಡ್‌ನಟ್ ಸ್ಕೀಮ್" ಅಂದ್ರೆ ಇವತ್ತಿಗೂ ಸರ್ಕಾರದ ದುಡ್ಡು ದಂಡ ಆಗೋದಕ್ಕೆ ಇನ್ನೊಂದು ಹೆಸರು. ಫ್ರೆಂಚರೂ ಇದೇ ಹೊತ್ತಿಗೆ, 1948ರಿಂದ, ಸೆನೆಗಲ್ ದೇಶದ ಸೆಫಾ ಅನ್ನೋ ಕಡೆ ಯಂತ್ರದ ಶೇಂಗಾ ಬೇಸಾಯಕ್ಕೆ ಕೈಹಾಕಿ ಸುಟ್ಟುಕೊಂಡ್ರು.

ಈ ಕಥೆ ಬರೆಯೋರು ಸಾಮಾನ್ಯವಾಗಿ ಮಂತ್ರಿಗೆ ಬೈತಾರೆ, ಕೆಟ್ಟ ಟ್ರ್ಯಾಕ್ಟರಿಗೆ ಬೈತಾರೆ, ಮಳೆಗೆ ಬೈತಾರೆ. ಎಲ್ಲ ಸರಿಯೇ. ನನಗೆ ಮಾತ್ರ ಇದು ಮಣ್ಣಿನ ಕಥೆ ಅನ್ಸುತ್ತೆ. ಹೊಸ ಟ್ರ್ಯಾಕ್ಟರೇ ಇದ್ದಿದ್ರೂ, ಮಳೆ ಸರಿಯಾಗೇ ಬಂದಿದ್ರೂ, ಆ ನೆಲವನ್ನ ಬೋಳು ಮಾಡಿ ತುಳಿದ ಮೇಲೆ ಅದು ಬಿಗಿಯೋದೇ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ. ನನ್ನದು ಎಸ್ಸೆಸ್ಸೆಲ್ಸಿ ಓದು. ಕೃಷಿ ಕಾಲೇಜಲ್ಲಿ ಓದೋ ನಮ್ಮಣ್ಣನ ಮಗನ ಹತ್ತಿರ ಕೂತು ತಿಳ್ಕೊಂಡಿದ್ದು, ನಮ್ಮ ಮಾತಲ್ಲೇ ಹೇಳ್ತೀನಿ.

ಒಳ್ಳೇ ಮಣ್ಣಲ್ಲಿ ಅರ್ಧ ಮಾತ್ರ ಮಣ್ಣು. ಇನ್ನರ್ಧ ಖಾಲಿ ಜಾಗ, ಅಂದ್ರೆ ಸಂದು, ತೂತು. ದೊಡ್ಡ ತೂತಲ್ಲಿ ನೀರು ಇಳಿಯುತ್ತೆ, ಗಾಳಿ ಆಡುತ್ತೆ, ಬೇರು ಹೋಗುತ್ತೆ. ಸಣ್ಣ ತೂತಲ್ಲಿ ನೀರು ನಿಲ್ಲುತ್ತೆ. ಒಂದು ಲೀಟರ್ ಜಾಗ ತುಂಬೋ ಒಣ ಮಣ್ಣು 1.3, 1.4 ಕೆಜಿ ತೂಗಿದ್ರೆ ಸಡಿಲ ಅಂತ ಲೆಕ್ಕ. ನಮ್ಮಂಥ ಮರಳು ಮಿಶ್ರಿತ ಕೆಂಪು ಮಣ್ಣು 1.7, 1.8 ಹತ್ತಿರ ಬಂತು ಅಂದ್ರೆ ಬೇರಿಗೆ ದಾರಿ ಇಲ್ಲ. ತುಳಿದಾಗ ಮೊದಲು ಸಾಯೋದು ದೊಡ್ಡ ತೂತು. ಹಾಗಾಗಿ ನೀರು ಇಳಿಯೋದೂ ನಿಲ್ಲುತ್ತೆ, ಗಾಳಿಯೂ ನಿಲ್ಲುತ್ತೆ.

ಹಾಗಾದ್ರೆ ಎಲ್ಲ ಮಣ್ಣೂ ಹೀಗೆ ಕೆಡಬೇಕಲ್ಲ? ಇಲ್ಲಿದೆ ವ್ಯತ್ಯಾಸ. ಎರೆ ಭೂಮಿ ನೋಡಿ. ನೀರು ಕುಡಿದು ಉಬ್ಬುತ್ತೆ, ಬೇಸಿಗೆಯಲ್ಲಿ ಕಾಲು ಇಳಿಯೋಷ್ಟು ಬಿರಿಯುತ್ತೆ. ವರ್ಷಕ್ಕೊಂದು ಸಲ ತನ್ನ ಗಾಯ ತಾನೇ ಸ್ವಲ್ಪ ಮಟ್ಟಿಗೆ ವಾಸಿ ಮಾಡಿಕೊಳ್ಳುತ್ತೆ. ಇಂಗ್ಲೆಂಡಿನಂಥ ಚಳಿ ದೇಶದಲ್ಲಿ ಚಳಿಗಾಲಕ್ಕೆ ಮಣ್ಣೊಳಗಿನ ನೀರು ಮಂಜುಗಡ್ಡೆ ಆಗಿ ಹಿಗ್ಗಿ, ಮೇಲ್ಮಣ್ಣಿನ ಹೆಂಟೆ ಒಡೆದು ಪುಡಿ ಮಾಡುತ್ತೆ. ಅಲ್ಲಿಯ ರೈತ ಉತ್ತು ಬಿಟ್ಟರೆ ಉಳಿದ ಕೆಲಸ ಚಳಿ ಮಾಡ್ತಿತ್ತು. ಕೆಂಪು ಮಣ್ಣಿಗೆ ಎರಡೂ ಇಲ್ಲ. ಅದರ ಜೇಡಿ ಉಬ್ಬೋ ಜಾತಿಯದಲ್ಲ, ಬಿರಿಯೋದೂ ಇಲ್ಲ. ಮಂಜುಗಡ್ಡೆಯಂತೂ ಕೇಳೋದೇ ಬೇಡ. ಅದನ್ನ ಸಡಿಲ ಇಡೋರು ಗೆದ್ದಲು, ಎರೆಹುಳ, ಸತ್ತ ಬೇರು ಬಿಟ್ಟ ತೂತು, ಉದುರಿದ ಎಲೆ ಕೊಳೆತು ಬರೋ ಅಂಟು. ಆ ಅಂಟಿನಿಂದಲೇ ಪುಡಿ ಮಣ್ಣು ಹರಳು ಹರಳಾಗಿ ನಿಲ್ಲೋದು. ಮರ ಕಿತ್ತು, ಎಲೆ ಸುಟ್ಟು, ಮೇಲ್ಮಣ್ಣು ಕೆರೆದ ದಿನವೇ ಈ ಕೆಲಸಗಾರರೆಲ್ಲ ಮನೆ ಖಾಲಿ ಮಾಡಿದ ಹಾಗೆ. ಆಮೇಲೆ ಮಳೆ ಹನಿ ನೇರ ಹೊಡೆಯುತ್ತೆ. ಹರಳು ಒಡೆದು ಕೆಸರಾಗುತ್ತೆ, ನುಣುಪು ಕೆಸರು ತೂತು ಮುಚ್ಚುತ್ತೆ, ಬಿಸಿಲಿಗೆ ಬಿಗಿಯುತ್ತೆ. ಯಾರೂ ತುಳಿಯದಿದ್ರೂ ಬಿಗಿಯುತ್ತೆ. ತುಳಿದರೆ ಆಳದವರೆಗೂ ಬಿಗಿಯುತ್ತೆ, ಅಷ್ಟೇ ವ್ಯತ್ಯಾಸ.

ಕೋಂಗ್ವಾದ ಸಾಹೇಬರಿಗೆ ತಮ್ಮ ಊರಿನ ಮಣ್ಣಿನ ಅಭ್ಯಾಸ. ಉತ್ತಷ್ಟೂ ಒಳ್ಳೇದು ಅನ್ನೋ ನಂಬಿಕೆ. ಗೊಗೊ ಜನ ಗುದ್ದಲಿಯಲ್ಲಿ ಕೆದಕಿ ಬಿತ್ತೋದನ್ನ ನೋಡಿ ಇವರು ಹಿಂದುಳಿದವರು ಅಂದ್ಕೊಂಡ್ರು. ಆ ಜನರೂ ಬರಗಾಲ ಕಂಡವರೇ, ಅವರ ಬೇಸಾಯವೇನು ಸ್ವರ್ಗ ಆಗಿರಲಿಲ್ಲ. ಆದ್ರೆ ಆ ಕಂಟಿ ಕಾಡನ್ನ ಒಟ್ಟಿಗೆ ಬೋಳಿಸದೆ ಬಿಟ್ಟಿದ್ದು ಸೋಮಾರಿತನಕ್ಕಲ್ಲ.

ಇಷ್ಟಾದ ಮೇಲೆ ಇಪ್ಪತ್ತೈದು ಮೂವತ್ತು ವರ್ಷಕ್ಕೆ ಇದನ್ನ ಅಳೆದು ತೂಗಿ ತೋರಿಸಿದವರು ನಮ್ಮ ಕಡೆಯವರೇ ಒಬ್ಬರು, ರತ್ತನ್ ಲಾಲ್. ಪಂಜಾಬಿನಲ್ಲಿ ಹುಟ್ಟಿ, ದೇಶ ವಿಭಜನೆಯಲ್ಲಿ ಊರು ಬಿಟ್ಟು ಬಂದ ರೈತ ಕುಟುಂಬದವರು. 2020ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಬಂತಲ್ಲ, ಅವರೇ. ಪಶ್ಚಿಮ ಆಫ್ರಿಕಾದ ನೈಜೀರಿಯಾ ದೇಶದ ಇಬಾದಾನ್ ಊರಲ್ಲಿ ಒಂದು ಅಂತರರಾಷ್ಟ್ರೀಯ ಕೃಷಿ ಸಂಶೋಧನಾ ಕೇಂದ್ರ ಇದೆ, ಅಲ್ಲಿ 1970ರಿಂದ ಬಹಳ ವರ್ಷ ಕೆಲಸ ಮಾಡಿದ್ರು. ಒಂದೇ ಕಾಡು, ಒಂದೇ ಥರದ ಕೆಂಪು ಮಣ್ಣು, ಅದನ್ನ ತುಂಡು ತುಂಡು ಮಾಡಿ ಬೇರೆ ಬೇರೆ ರೀತಿ ಸವರಿಸಿದ್ರು. ಒಂದು ಕಡೆ ಕೈಯಲ್ಲಿ ಕೊಡಲಿ, ಮಚ್ಚು. ಇನ್ನೊಂದು ಕಡೆ ಬುಡ ಬಿಟ್ಟು ಮೇಲೆ ಮಾತ್ರ ಕತ್ತರಿಸೋ ಅಲಗು ಇರೋ ಬುಲ್ಡೋಜರ್. ಮತ್ತೊಂದು ಕಡೆ ಮರ ತಳ್ಳಿ ಬೇರು ಸಮೇತ ಕಿತ್ತು ಬಾಚಿಕೊಂಡು ಹೋಗೋ ಬುಲ್ಡೋಜರ್. ಆಮೇಲೆ ಮಳೆಗಾಲದಲ್ಲಿ ಪ್ರತಿ ತುಂಡಿಂದ ಹರಿದ ನೀರು, ಕೊಚ್ಚಿದ ಮಣ್ಣು ಹಿಡಿದು ಅಳೆದ್ರು.

ಕೈಯಲ್ಲಿ ಸವರಿ ಉಳದೆ ಬಿತ್ತಿದ ಕಡೆ ಹೆಕ್ಟೇರಿಗೆ ಅರ್ಧ ಟನ್ನಿಗೂ ಕಮ್ಮಿ ಮಣ್ಣು ಹೋಯ್ತು. ಬುಡಸಮೇತ ಕಿತ್ತು ಉತ್ತ ಕಡೆ ಸುಮಾರು 20 ಟನ್. ಅಂದ್ರೆ ಎಕರೆಗೆ 8 ಟನ್, ಎರಡು ಮೂರು ಟ್ರ್ಯಾಕ್ಟರ್ ಲೋಡು ಮೇಲ್ಮಣ್ಣು. ಹರಿದುಹೋದ ಮಳೆ ಮೊದಲನೇದರಲ್ಲಿ 15 ಮಿಲಿಮೀಟರ್ ಆಜುಬಾಜು, ಕೊನೇದರಲ್ಲಿ 250. ಅದೇ ಮಳೆ, ಅದೇ ಇಳಿಜಾರು ಸೀಮೆ. ನನ್ನ ಗಮನ ಸೆಳೆದಿದ್ದು ಇನ್ನೊಂದು ವಿಚಾರ. ಬುಲ್ಡೋಜರಲ್ಲಿ ಬೇರು ಕಿತ್ತ ಜಾಗವನ್ನ ಆಮೇಲೆ ಉಳದೆ ಬಿತ್ತಿದ್ರೂ 15 ಟನ್ ಹೋಗಿತ್ತು. ಸವರೋ ದಿನ ಮಾಡಿದ ಗಾಯ, ಆಮೇಲೆ ಎಷ್ಟು ಹುಷಾರಾಗಿದ್ರೂ ಬೇಗ ವಾಸಿ ಆಗಲ್ಲ ಅಂತ ಆಯ್ತು.

ಇದನ್ನೆಲ್ಲ ಈಗ ಯಾಕೆ ಬರೀತಿದ್ದೀನಿ ಅಂದ್ರೆ ಕಾರಣ ಇದೆ. ನಮ್ಮೂರ ಪಡುವಲ ದಿಕ್ಕಿನ ಬೀಳು ಹಲವರಿಗೆ ಗೊತ್ತು. ಇಪ್ಪತ್ತು ವರ್ಷದ ಮೇಲಾಯ್ತು ಅಲ್ಲಿ ನೇಗಿಲು ಇಳಿದು. ಬಂದರೆ, ಜಾಲಿ, ಲಂಟಾನ, ಮಧ್ಯೆ ಮಧ್ಯೆ ಕರಡ. ಏಳು ಮನೆಯವರ ಪಾಲು ಸೇರಿ ನಲವತ್ತು ಎಕರೆ ಚಿಲ್ಲರೆ, ಅದರಲ್ಲಿ ನನ್ನದೂ ಎರಡೂವರೆ ಎಕರೆ. ಈ ಸಲ ಬದುಗಳನ್ನೂ ಒಡೆದು ಒಂದೇ ಪಟ್ಟಿ ಮಾಡಿ, ಜೆಸಿಬಿಯಲ್ಲಿ ಬೇರು ಸಮೇತ ಎತ್ತಿಸಿ, ರೋಹಿಣಿ ಮಳೆ ಬಿದ್ದ ಕೂಡಲೇ ಸಮ ಮಾಡಿಸಿ, ಶೇಂಗಾ ಹಾಕೋಣ ಅಂತ ನಮ್ಮ ಅಣ್ಣತಮ್ಮಂದಿರು ಮಾತಾಡಿಕೊಂಡಿದ್ದಾರೆ. ನೀನೂ ಸೇರು ಅಂತ ನನ್ನನ್ನೂ ಕರೆದಿದ್ದಾರೆ. ಅವರದ್ದು ತಪ್ಪು ಆಸೆ ಅಲ್ಲ. ಬೋರ್‌ವೆಲ್ ಬತ್ತಿದೆ, ಸಾಲ ಇದೆ, ಖಾಲಿ ಬಿದ್ದ ಭೂಮಿ ಕಣ್ಣಿಗೆ ಚುಚ್ಚುತ್ತೆ. ಎದುರಾ ಎದುರು ಕೂತರೆ ಮಾತು ಜಗಳಕ್ಕೆ ಹೋಗುತ್ತೆ, ಅದಕ್ಕೆ ಬರೆದು ಹೇಳ್ತಿದ್ದೀನಿ. ಮಳೆ ಬಿದ್ದ ಕೂಡಲೇ, ಅಂದ್ರೆ ನೆಲ ನೆಂದಾಗ. ಬೋಳು ನೆಲ, ನೀರು, ಏಳೆಂಟು ಟನ್ ಭಾರದ ಜೆಸಿಬಿ. ನಾಲ್ಕರಲ್ಲಿ ಮೂರು ನಾವೇ ಕೂಡಿಸಿ ಕೊಡ್ತಿದ್ದೀವಿ. ಬಿಸಿಲನ್ನ ದೇವರು ಕೊಡ್ತಾನೆ.

ಭಾರದ ಬಗ್ಗೆ ಒಂದು ಮಾತು. ಎತ್ತೂ ತುಳಿಯುತ್ತಲ್ಲ ಅಂತ ಕೇಳ್ತಾರೆ. ನಿಜ, ಎತ್ತಿನ ಗೊರಸು ಸಣ್ಣದು, ಒತ್ತಡ ಕಮ್ಮಿ ಏನಲ್ಲ. ಆದ್ರೆ ಮೇಲಿನ ನಾಲ್ಕೈದು ಇಂಚಿಗೆ ಎಷ್ಟು ಒತ್ತು ಬೀಳುತ್ತೆ ಅನ್ನೋದು ಗಾಲಿ ಅಥವಾ ಗೊರಸಿನ ಅಗಲದ ಮೇಲೆ, ಆಳಕ್ಕೆ ಎಷ್ಟು ಇಳಿಯುತ್ತೆ ಅನ್ನೋದು ಒಂದು ಅಚ್ಚಿನ ಮೇಲಿನ ಒಟ್ಟು ತೂಕದ ಮೇಲೆ ಹೋಗುತ್ತೆ. ಎತ್ತು ಮಾಡಿದ ಗಟ್ಟಿಯನ್ನ ಮುಂದಿನ ಸಲದ ಕುಂಟೆ ಎತ್ತುತ್ತೆ. ಒಂದೂವರೆ ಅಡಿ ಕೆಳಗೆ ಜೆಸಿಬಿ ಮಾಡಿದ್ದನ್ನ ಯಾವ ಕುಂಟೆ ಎತ್ತುತ್ತೆ? ಅಗಲ ಟೈರ್ ಹಾಕಿದೀವಿ, ಏನೂ ಆಗಲ್ಲ ಅನ್ನೋ ಡ್ರೈವರ್ ಮಾತು ಅರ್ಧ ಮಾತ್ರ ನಿಜ.

ಹೊಸ ಭೂಮಿ ಕಥೆ ಬಿಡಿ, ಉಳ್ತಿರೋ ಹೊಲದಲ್ಲೂ ಇದು ನಡೀತಾನೇ ಇದೆ. ಮರದ ನೇಗಿಲ ಕಾಲದಲ್ಲಿ ಐದಾರು ಇಂಚು ಕೆಳಗೆ ತೆಳ್ಳಗೆ ಒಂದು ಗಟ್ಟಿ ಪದರ ಇರ್ತಿತ್ತು. ಈಗ ರೋಟವೇಟರ್ ಮೇಲಿನ ನಾಲ್ಕು ಇಂಚನ್ನ ಹಿಟ್ಟು ಮಾಡಿ, ಅದರ ಅಲಗು ಕೆಳಗಿನ ಮಣ್ಣನ್ನ ಸವರಿ ಸವರಿ ಗಾರೆ ಹಾಕಿದ ಹಾಗೆ ಮಾಡುತ್ತೆ. ಮೇಲೆ ನೋಡಿದ್ರೆ ರವೆ ಥರ ಚಂದ. ಒಂದು ಜೋರು ಮಳೆ ಬಿದ್ರೆ ಆ ಹಿಟ್ಟು ಪದರ ಕಟ್ಟಿ ಮೊಳಕೆ ಮೇಲೆ ಬರಲ್ಲ. ಬಂದ ಗಿಡದ ಊಡು ನೆಲಕ್ಕೆ ಚುಚ್ಚಲಾಗದೆ ಗಾಳಿಯಲ್ಲೇ ಒಣಗುತ್ತೆ. ಚುಚ್ಚಿದ್ದು ಕಾಯಿ ಆದ್ರೂ ಕೀಳೋವಾಗ ತೊಟ್ಟು ಹರಿದು ಒಳಗೇ ಉಳಿಯುತ್ತೆ. ಕಳೆದ ಸ್ವಾತಿ ಮಳೆ ಬರಲಿಲ್ಲ ಅಂತ ಎಷ್ಟು ಜನ ಟ್ಯಾಂಕರ್ ನೀರು ಹೊಡೆಸಿ ಶೇಂಗಾ ಕಿತ್ತಿರಿ, ನೆನಪು ಮಾಡ್ಕೊಳ್ಳಿ. ಎಲ್ಲರೂ ಮಳೆಗೆ ಬೈದ್ರು, ಬೀಜಕ್ಕೆ ಬೈದ್ರು. ನಮ್ಮಲ್ಲಿ ಬಹಳ ಜನ ಹಾಕೋದು ಟಿಎಂವಿ-2, 1940ರಲ್ಲಿ ಬಂದ ತಳಿ. ನಮ್ಮ ಅಜ್ಜಂದಿರೂ ಅದನ್ನೇ ಹಾಕಿ ಕೈಯಲ್ಲೇ ಕಿತ್ತಿದ್ದಾರೆ. ತಳಿ ಅದೇ ಇದೆ, ನೆಲ ಅದೇ ಇಲ್ಲ.

ಟ್ರ್ಯಾಕ್ಟರ್ ಬೇಡ ಅಂತ ನಾನು ಹೇಳಲ್ಲ. ಎತ್ತು ಕಟ್ಟಿ ಸಾಕೋ ಶಕ್ತಿ ಈಗ ಯಾರಿಗಿದೆ. ನನ್ನ ಮನೇಲೂ ಜೋಡಿ ಮಾರಿ ಎಂಟು ವರ್ಷ ಆಯ್ತು. ತೊಂದರೆ ಇರೋದು ಬಾಡಿಗೆ ಲೆಕ್ಕದಲ್ಲಿ. ಗಂಟೆಗಿಷ್ಟು ಅಂತ ಬರೋ ಗಾಡಿ ಅದಕ್ಕೆ ಬಿಡುವಾದಾಗ ಬರುತ್ತೆ, ನಮ್ಮ ಹೊಲ ಹದಕ್ಕೆ ಬಂದಾಗ ಅಲ್ಲ. ಇವತ್ತು ಬಿಟ್ರೆ ಇನ್ನು ಹತ್ತು ದಿನ ಸಿಗಲ್ಲ ಅಂತಾನೆ, ನಾವು ಹಸಿ ನೆಲಕ್ಕೇ ಬಿಡ್ತೀವಿ. ಕೋಂಗ್ವಾಕ್ಕೆ ತಾರೀಕು ಲಂಡನ್ನಿನಿಂದ ಬರ್ತಿತ್ತು, ನಮಗೆ ಡ್ರೈವರ್ ಫೋನಿಂದ ಬರುತ್ತೆ.

ಹದ ನೋಡೋದು ಕಷ್ಟ ಇಲ್ಲ. ಉಳೋ ಆಳದ ಮಣ್ಣು ಒಂದು ಹಿಡಿ ತೆಗೆದು ಉಂಡೆ ಕಟ್ಟಿ, ಸೊಂಟದ ಎತ್ತರದಿಂದ ಬಿಡಿ. ಒಡೆದು ಉದುರಿದ್ರೆ ಗಾಡಿ ಇಳಿಸಿ. ಮುದ್ದೆ ಥರ ಚಪ್ಪಟೆ ಆಗಿ ಕೂತರೆ ಎರಡು ದಿನ ಕಾಯಿರಿ. ಒಳಗಿನ ಗಟ್ಟಿ ಪದರ ಎಲ್ಲಿದೆ ಅಂತ ನೋಡೋಕೆ ಹತ್ತು ಎಂಎಂ ಕಬ್ಬಿಣದ ಸರಳು ಸಾಕು. ಒಳ್ಳೇ ಮಳೆ ಆಗಿ ಎರಡು ದಿನಕ್ಕೆ ನಿಧಾನ ಒತ್ತುತ್ತಾ ಹೋಗಿ, ಎಲ್ಲಿ ಕೈ ತಡೆಯುತ್ತೋ ಅಲ್ಲಿದೆ. ಇಲ್ಲಾಂದ್ರೆ ಒಂದು ತೊಗರಿ ಗಿಡ ಅಗೆದು ತೆಗೀರಿ. ತಾಯಿಬೇರು ನೆಟ್ಟಗೆ ಹೋಗದೆ ಮೊಣಕೈ ಥರ ಅಡ್ಡ ತಿರುಗಿದ್ರೆ, ತಿರುಗಿದ ಜಾಗವೇ ಗೋಡೆ.

ಗೋಡೆ ಒಡೆಯಲಿಕ್ಕೆ ಚಿಸೆಲ್ ನೇಗಿಲು ಇದೆ, ಒಣ ನೆಲದಲ್ಲಿ ಎಳೆಸಿದ್ರೆ ಸೀಳುತ್ತೆ. ಆದ್ರೆ ಅದೇ ವರ್ಷ ಮತ್ತೆ ರೋಟವೇಟರ್ ಹೊಡೆಸಿ, ಹಸಿ ನೆಲದಲ್ಲಿ ಲೋಡು ಓಡಿಸಿದ್ರೆ ಎರಡೇ ಬೆಳೆಗೆ ಮುಚ್ಚಿಕೊಳ್ಳುತ್ತೆ. ಸೀಳಿದ ಮೇಲೆ ಅದರೊಳಗೆ ಬೇರು ಹೋಗಬೇಕು. ಅದಕ್ಕೇ ಅಕ್ಕಡಿ ಸಾಲಿನ ತೊಗರಿ, ಔಡಲ ಬಿಡಬೇಡಿ ಅನ್ನೋದು. ಶೇಂಗಾ ಮಧ್ಯೆ ತೊಗರಿ ಸಾಲು ಹಾಕಿದ್ರೆ ಯಂತ್ರಕ್ಕೆ ಅಡ್ಡಿ ಅಂತ ಈಚೆಗೆ ತೆಗೆದವರೇ ಜಾಸ್ತಿ. ಕುರಿ ಮಂದೆ ನಿಲ್ಲಿಸೋದು, ಕೆರೆ ಗೋಡು ಹೊಡೆಯೋದು ಎಲ್ಲ ಒಳ್ಳೇದೇ. ಗೋಡಿನ ಲೋಡು ಮಾತ್ರ ಬೇಸಿಗೆಯಲ್ಲಿ ನೆಲ ಒಣಗಿರೋವಾಗ, ಒಂದೇ ಜಾಡಲ್ಲಿ ಓಡಾಡಲಿ. ಹೊಲಕ್ಕೆ ಜೀವ ತುಂಬೋಕೆ ಹೋಗಿ ಹೊಲದ ತುಂಬ ಗಾಲಿ ಹರಿಸೋದು ನಾನೇ ಎಷ್ಟೋ ಕಡೆ ನೋಡಿದ್ದೀನಿ.

ಇನ್ನು ಬೀಳಿನ ವಿಚಾರ. ನಾನು ಸೇರಲ್ಲ ಅಂತ ಹೇಳ್ತಿಲ್ಲ. ನನ್ನ ಕಡೆಯಿಂದ ಇಷ್ಟು ಕೇಳ್ತೀನಿ. ಸವರೋದಾದ್ರೆ ಈಗಲೇ, ಮಳೆಗೆ ಮುಂಚೆ, ನೆಲ ಒಣ ಇರೋವಾಗ. ಕಂಟಿಯನ್ನ ನೆಲಮಟ್ಟಕ್ಕೆ ಕಡಿಸೋಣ, ಬೇರು ಒಳಗೇ ಕೊಳೆಯಲಿ. ಚಿಗುರಿದ್ದನ್ನ ಎರಡು ವರ್ಷ ಮತ್ತೆ ಮತ್ತೆ ಕಡಿಯಬೇಕಾಗುತ್ತೆ. ಜಾಲಿ ಬುಡ ಹಠಮಾರಿ, ನಿಜ, ಅಂಥದ್ದನ್ನ ಮಾತ್ರ ಗುದ್ದಲಿಯಲ್ಲಿ ತೆಗೆಸೋಣ. ಕೂಲಿ ಜಾಸ್ತಿ ಆಗುತ್ತೆ, ಜೆಸಿಬಿಗಿಂತ ಎಷ್ಟು ಹೆಚ್ಚು ಅಂತ ಕೂತು ಲೆಕ್ಕ ಹಾಕೋಣ, ನನ್ನ ಪಾಲಿಗೆ ಬಂದದ್ದು ಕೊಡ್ತೀನಿ. ಎಲೆ ಕಸ ಸುಡೋದು ಬೇಡ, ಹರಡಿ ಬಿಡೋಣ. ಬದು ಒಡೆಯೋದು ಬೇಡ, ಹಾದಿಗೆ ಬೇಕಾದ್ರೆ ಎರಡು ಕಡೆ ಗಾಡಿ ಅಗಲ ಬಿಡೋಣ. ಮೊದಲ ವರ್ಷ ನಲವತ್ತೂ ಎಕರೆಗೆ ಶೇಂಗಾ ಬೇಡ. ಐದು ಎಕರೆ ಶೇಂಗಾ, ಉಳಿದದ್ದಕ್ಕೆ ಹುರುಳಿ, ಸಜ್ಜೆ, ತೊಗರಿ ಎರಚೋಣ. ಬರೋ ಕಾರ್ತೀಕಕ್ಕೆ ಶೇಂಗಾ ಕೈಯಲ್ಲಿ ಕಿತ್ತು ನೋಡೋಣ, ಎಷ್ಟು ಕಾಯಿ ಒಳಗೆ ಉಳೀತು ಅಂತ. ಒಂದು ವರ್ಷದ ಲಾಭ ಹೋಗುತ್ತೆ ಅಂತ ಕಿರಿಯ ತಮ್ಮ ಆಗಲೇ ಮುಖ ಗಂಟು ಹಾಕಿದ್ದಾನೆ.

ಕೋಂಗ್ವಾ ಆಮೇಲೆ ಏನಾಯ್ತು ಅಂತ ಕೇಳೋರಿದ್ದೀರಿ. ಅಷ್ಟು ಖರ್ಚು ಮಾಡಿ ಸವರಿದ ನೆಲದಲ್ಲಿ ಕೊನೆಗೆ ಹುಲ್ಲು ಬರಲಿಕ್ಕೆ ಬಿಟ್ಟು ದನ ಮೇಯಿಸೋ ದೊಡ್ಡ ಫಾರಂ ಮಾಡಿದ್ರು, ಗೊಗೊ ಜನ ಮೊದಲಿಂದ ಮಾಡ್ತಿದ್ದ ಕಸುಬೇ. ಕೋಂಗ್ವಾ ರಾಂಚ್ ಅಂತ ಈಗಲೂ ಇದೆ.

ಭಾನುವಾರ ಬೆಳಗ್ಗೆ ಎಂಟಕ್ಕೆ ಬೀಳಿನ ಹತ್ತಿರ ಎಲ್ಲ ಸೇರ್ತಿದ್ದೀವಿ. ಸರಳು, ಗುದ್ದಲಿ ನಾನು ತರ್ತೀನಿ. ಬೀಳಲ್ಲಿ ಒಂದು ಗುಂಡಿ, ಪಕ್ಕದಲ್ಲೇ ಇರೋ ನಮ್ಮ ದಿನಾ ಉಳೋ ಹೊಲದಲ್ಲಿ ಒಂದು ಗುಂಡಿ, ಎರಡೂ ಎರಡು ಅಡಿ ತೆಗೆದು, ಒಂದೊಂದು ಕೊಡ ನೀರು ಹೊಯ್ದು, ಯಾವುದರಲ್ಲಿ ಎಷ್ಟು ಹೊತ್ತಿಗೆ ಇಂಗುತ್ತೆ ಅಂತ ಗಡಿಯಾರ ನೋಡೋಣ. ಬೇರೆ ಊರವರೂ ಬರಬಹುದು. ಟೀ ನಮ್ಮ ಮನೇಲಿ.